ಮದ್ದುಪಾಯಸದ ದಿನ ಬರುವ ಅಕ್ಕಂದಿರು



ಈ ಸಲ ಮಳೆಗಾಲದಲ್ಲಿ ಹಪ್ಪಳ, ಸಂಡಿಗೆಗಳಿಗೆ ಬೂಷ್ಟು ಹಿಡಿಯದಂತೆ ಕಾಪಾಡುವುದು ಹೇಗೆಂದು ಬರೆಯಲು ಕುಳಿತಿದ್ದೆ. ಅಷ್ಟರಲ್ಲಿ ಅರಕಲಗೂಡಿನ ಓದುಗ ಸೋದರಿಯೊಬ್ಬರ ಪತ್ರ ಬಂತು. ಹಪ್ಪಳ ಅಲ್ಲಿಗೇ ನಿಂತಿತು. ಅವರು ಬರೆದದ್ದು ಇಷ್ಟು: "ಮಗಳಿಗೆ ಮಡಿಕೇರಿಯಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ. ಹಾಸ್ಟೆಲಿನಲ್ಲೇ ಇರಬೇಕು. ನಮ್ಮವರು ಅಂತ ಆ ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇವರು ಧೈರ್ಯವಾಗಿದ್ದಾರೆ, ನನಗೆ ಮಾತ್ರ ರಾತ್ರಿ ನಿದ್ದೆ ಬರ್ತಿಲ್ಲ. ಅಲ್ಲಿ ಅವಳಿಗೆ ಯಾರಿದ್ದಾರೆ, ನೀವೇ ಹೇಳಿ."

ಅಲ್ಲಿ ಅವಳಿಗೆ ಯಾರಿದ್ದಾರೆ? ನಮ್ಮಮ್ಮನೂ 1977ರಲ್ಲಿ ಇದೇ ಮಾತು ಕೇಳಿದ್ದಳು. ಅದಕ್ಕೇ ಈ ಪತ್ರವನ್ನು ಪಕ್ಕಕ್ಕಿಡಲು ನನ್ನಿಂದ ಆಗಲಿಲ್ಲ.

ಆ ವರ್ಷದ ಜುಲೈ ತಿಂಗಳಲ್ಲಿ ಅಪ್ಪ ನನ್ನನ್ನು ಶನಿವಾರಸಂತೆಯಿಂದ ಮಡಿಕೇರಿಗೆ ಕರೆತಂದು ಬಿಟ್ಟರು. ಸೋಮವಾರಪೇಟೆ, ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ದಾಟಿ ಬರುವ ಬಸ್ಸು. ಕೊಡಗಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಬೆಟ್ಟದ ಆಚೆಗಿನ ಹುಡುಗಿ ಕಾಲೇಜು ಓದಬೇಕೆಂದರೆ ಹಾಸ್ಟೆಲೇ ಗತಿ. ಮಡಿಕೇರಿಯ ಸರ್ಕಾರಿ ಕಾಲೇಜು 1949ರಷ್ಟು ಹಳೆಯದು. ಈಗ ಅದಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ. ಅದಕ್ಕೂ ಮೊದಲು ಓದಿದ ಹುಡುಗಿಯರು ಘಾಟಿ ಇಳಿದು ಮಂಗಳೂರಿಗೆ, ಇಲ್ಲವೇ ಮೈಸೂರಿಗೆ ಹೋಗಬೇಕಿತ್ತು. ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು 1921ರದು. ಮೈಸೂರಿನ ಮಹಾರಾಣಿ ಕಾಲೇಜಿನ ಮೂಲ 1881ರ ಹುಡುಗಿಯರ ಶಾಲೆಯಲ್ಲಿದೆ. ಯೋಚಿಸಿ ನೋಡಿ, ನಮ್ಮ ಅಜ್ಜಿಯರ ಕಾಲದಲ್ಲಿಯೇ ಎಷ್ಟು ಟ್ರಂಕುಗಳು ಬಸ್ಸಿನ ಮೇಲೇರಿ ಘಾಟಿ ಇಳಿದಿರಬೇಕು!

ನನ್ನ ಟ್ರಂಕು ಹಾಸ್ಟೆಲು ತಲುಪುವ ಹೊತ್ತಿಗೆ ಒಳಗಿನ ಬಟ್ಟೆಯೆಲ್ಲ ನೆನೆದಿತ್ತು. ಮಡಿಕೇರಿಯ ಮಳೆ ಹಾಗೆ. ಕೊಡೆ ಹಿಡಿದರೆ ತಲೆ ಮಾತ್ರ ಉಳಿಯುತ್ತದೆ. ಮಂಚದ ಮೇಲೆ ಕೂತು ಮುಸುಮುಸು ಅಳುತ್ತಿದ್ದೆ. ಭಾಗಮಂಡಲದ ಕಡೆಯ ಒಬ್ಬಳು ಸೀನಿಯರ್ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ಅಳ್ತಾ ಕೂತಿದ್ದೀ? ಬಟ್ಟೆ ಒಣಗ್ಸೋಕೆ ಜಾಗ ಹಿಡಿದ್ಯಾ ಇಲ್ವಾ?" ಎಂದಳು. ಅಡುಗೆಮನೆಯ ಸೌದೆ ಒಲೆಯ ಮೇಲೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಆ ಹಗ್ಗದಲ್ಲಿ ಒಂದೂವರೆ ಮೊಳ ಜಾಗ ಸಿಕ್ಕವಳೇ ಭಾಗ್ಯವಂತೆ. ಜೂನಿಯರುಗಳಿಗೆ ಬಾಗಿಲ ಕಡೆಯ ತಣ್ಣನೆಯ ತುದಿ. ಆದರೆ ಆ ದಿನ ಅವಳು ತನ್ನ ಲಂಗವನ್ನು ಒತ್ತರಿಸಿ ನನ್ನ ಎರಡು ಬಟ್ಟೆಗೆ ಜಾಗ ಮಾಡಿಕೊಟ್ಟಳು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ಫೋನು ಮಾಡಿದಾಗ ಮೊದಲು ಕೇಳುವುದು ಇದನ್ನೇ: "ಬಟ್ಟೆ ಒಣಗಿತಾ?"

ರ‍್ಯಾಗಿಂಗ್ ಇತ್ತೇ ಎಂದು ಕೇಳುವಿರಿ. ಹಾಡು ಹೇಳಿಸಿದರು, ಒಂದು ವಾರ ನೀರು ಹೊರಿಸಿದರು. ಅಷ್ಟೇ. ಎಲ್ಲ ಕಡೆಯೂ ಅಷ್ಟಕ್ಕೇ ನಿಲ್ಲಲಿಲ್ಲವೆಂಬುದು ನಿಮಗೂ ಗೊತ್ತು. 2009ರಲ್ಲಿ ಯುಜಿಸಿ ಕಟ್ಟುನಿಟ್ಟಿನ ನಿಯಮ ತಂದದ್ದು ಒಳ್ಳೆಯದೇ ಆಯಿತು.

ನಮ್ಮ ಹಾಸ್ಟೆಲಿನ ಮೆಟ್ಟಿಲ ಕೆಳಗೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಇತ್ತು. ಅದಕ್ಕೆ 'ಅಕ್ಕನ ಪೆಟ್ಟಿಗೆ' ಎಂದೇ ಹೆಸರು. ಯಾವ ಅಕ್ಕನದೆಂದು ಯಾರಿಗೂ ತಿಳಿಯದು. ಓದು ಮುಗಿಸಿ ಹೋಗುವವರು ಅದರಲ್ಲಿ ಏನಾದರೂ ಬಿಟ್ಟು ಹೋಗಬೇಕು. ಪಠ್ಯಪುಸ್ತಕ, ರೇನ್‌ಕೋಟು, ಇಸ್ತ್ರಿ ಪೆಟ್ಟಿಗೆ, ಒಬ್ಬಳು ತನ್ನ ಬಕೆಟ್ಟನ್ನೂ ಬಿಟ್ಟಿದ್ದಳು. ಇವೆಲ್ಲಕ್ಕಿಂತ ದೊಡ್ಡ ಆಸ್ತಿಯೆಂದರೆ ಅರಿಶಿನ ಬಣ್ಣದ ಒಂದು ಮೈಸೂರು ರೇಷ್ಮೆ ಸೀರೆ. ಟೀಚರ್ ಕೆಲಸಕ್ಕೋ ಬ್ಯಾಂಕಿಗೋ ಇಂಟರ್‌ವ್ಯೂಗೆ ಹೋಗುವವಳು ಅದನ್ನು ಉಟ್ಟು ಹೋಗಬಹುದು. ಕೆಲಸ ಸಿಕ್ಕಿದರೆ ಮೊದಲ ಸಂಬಳದಲ್ಲಿ ಹತ್ತು ರೂಪಾಯಿ ಮನಿಯಾರ್ಡರ್ ಕಳಿಸಬೇಕು. ಆ ಹಣದಲ್ಲಿ ಬಡ ಹುಡುಗಿಯ ಪರೀಕ್ಷಾ ಶುಲ್ಕ ಕಟ್ಟುವುದು. ಲೆಕ್ಕವನ್ನು ಹುಡುಗಿಯರೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು.

ನಾನು ಆ ಸೀರೆ ಉಟ್ಟದ್ದು ಇಂಟರ್‌ವ್ಯೂಗೆ ಅಲ್ಲ. 1982ರಲ್ಲಿ ಕುಶಾಲನಗರದಿಂದ ಹುಡುಗನ ಕಡೆಯವರು ಮಡಿಕೇರಿಯ ನಮ್ಮ ಸೋದರಮಾವನ ಮನೆಗೇ ನೋಡಲು ಬಂದರು. ಊರಿಂದ ಸೀರೆ ತರಿಸಲು ಹೊತ್ತಿರಲಿಲ್ಲ. ಇದು ನಿಯಮಕ್ಕೆ ಹೊಂದುತ್ತದೆಯೇ ಎಂದು ರಾತ್ರಿ ಹತ್ತರವರೆಗೆ ಚರ್ಚೆ ನಡೆಯಿತು. "ಅದೂ ಒಂದು ಇಂಟರ್‌ವ್ಯೂ ತಾನೇ?" ಎಂದು ಒಬ್ಬಳು ತೀರ್ಪು ಕೊಟ್ಟಳು. ಸಂಬಳವಿಲ್ಲದ ಆ ಕೆಲಸ ನನಗೆ ಸಿಕ್ಕಿತು! ಮದುವೆಯಲ್ಲಿ ಬಂದ ಮುಯ್ಯಿಯಲ್ಲಿ ಹತ್ತು ರೂಪಾಯಿ ತೆಗೆದು ಮನಿಯಾರ್ಡರ್ ಮಾಡಿದೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ 'ಕೆಲಸ' ಎಂಬ ಕಡೆ ಏನು ಬರೆಯುವುದೆಂದು ತಿಳಿಯದೆ ಒಂದು ಅಡ್ಡಗೆರೆ ಎಳೆದಿದ್ದಾರೆ. ಈಗಲೂ ಇದೆ.

ಆ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಹೆಸರು, ವಿಳಾಸಗಳ ಪಟ್ಟಿ ಅಂಟಿಸಿತ್ತು. ಕೊಡವರಲ್ಲಿ ಮನೆಹೆಸರು ಮೊದಲು, ಆಮೇಲೆ ತನ್ನ ಹೆಸರು. ಮದುವೆಯಾದರೆ ಆ ಮನೆಹೆಸರು ಬದಲಾಗುತ್ತದೆ. ತವರಿನ ಐನ್‌ಮನೆಗೆ ಪುತ್ತರಿಗೆ, ಕೈಲ್‌ಪೊಳ್ದ್‌ಗೆ ಬಂದರೂ ಆಕೆ ನೆಂಟಳೇ. ನಮ್ಮ ಕಡೆಯೂ ಅಷ್ಟೇ, ಇನಿಷಿಯಲ್ ಬದಲಾಗುತ್ತದೆ. ಮುಚ್ಚಳದ ಮೇಲೆ ಮಾತ್ರ ನಾವೆಲ್ಲ ಹುಟ್ಟಿದ ಮನೆಯ ಹೆಸರಿನಲ್ಲೇ ಉಳಿದೆವು. ಕೊಡವರು, ಗೌಡರು, ಲಿಂಗಾಯಿತರು, ಮಾಪಿಳ್ಳೆಯರು, ಮಲಯಾಳಿಗಳು, ಎಲ್ಲರೂ ಒಂದೇ ಪಟ್ಟಿಯಲ್ಲಿ, ಸೇರಿದ ವರ್ಷದ ಪ್ರಕಾರ.

ನಮ್ಮ ಬ್ಯಾಚಿನವಳೊಬ್ಬಳು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದಳು. ಅಲ್ಲಿನ ಕಾಲೇಜಿನ ಬೀದಿಯಲ್ಲಿ ಗ್ರೀಕ್ ಅಕ್ಷರದ ಬೋರ್ಡು ಹಾಕಿದ ದೊಡ್ಡ ದೊಡ್ಡ ಮನೆಗಳನ್ನು ನೋಡಿ ಬಂದು, "ಅಲ್ಲೂ ನಮ್ಮದೇ ಹಾಸ್ಟೆಲು ಕಣೇ, ಆದ್ರೆ ಕಾರ್ಪೆಟ್ ಉಂಟು" ಎಂದಳು. ಅದಕ್ಕೆ ಅವರು ಸೊರಾರಿಟಿ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಸೊರೊರ್ ಎಂದರೆ ಸೋದರಿ. 1851ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಥ ಮೊದಲ ಬಳಗ ಹುಟ್ಟಿತಂತೆ. ಸೊರಾರಿಟಿ ಎಂಬ ಹೆಸರು ಬಂದದ್ದು ಆಮೇಲೆ, 1882ರಲ್ಲಿ. ಸಿರಕ್ಯೂಸಿನ ಒಬ್ಬ ಲ್ಯಾಟಿನ್ ಪ್ರೊಫೆಸರು ಸೂಚಿಸಿದ್ದು. ಹೊಸಬಳಿಗೆ ಒಬ್ಬ 'ದೊಡ್ಡಕ್ಕ'ನನ್ನು ಗೊತ್ತುಮಾಡುತ್ತಾರೆ. ಒಮ್ಮೆ ಸೇರಿದವಳು ಆಜೀವ ಸದಸ್ಯೆ. ಓದು ಮುಗಿಸಿದವರಿಗೆ ಊರೂರಿನಲ್ಲೂ ಶಾಖೆಗಳಿವೆ, ಅವರು ಹಣ ಕೂಡಿಸಿ ಓದುವವರಿಗೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಯಾರನ್ನು ಸೇರಿಸಿಕೊಳ್ಳಬೇಕೆಂದು ಒಳಗಿನವರೇ ಆರಿಸುತ್ತಾರೆ. ಬಹಳ ಕಾಲ ಬಿಳಿಯರ ಬಳಗಗಳು ಕಪ್ಪು ಹುಡುಗಿಯರನ್ನು ಹೊಸಿಲು ದಾಟಲು ಬಿಡಲಿಲ್ಲ. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಾಪಾ ಆಲ್ಫಾ ಎಂಬ ತಮ್ಮದೇ ಬಳಗ ಕಟ್ಟಿದರು. 2021ರಿಂದ 2025ರವರೆಗೆ ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಆ ಬಳಗದವರೇ. ನಮ್ಮ ಹಾಸ್ಟೆಲಿನಲ್ಲಿ ಇಂಥ ಆಯ್ಕೆ ಗೀಯ್ಕೆ ಇರಲಿಲ್ಲ ನೋಡಿ. ಮಾರ್ಕ್ಸ್ ಕಾರ್ಡು ನೋಡಿ ಸೇರಿಸಿಕೊಳ್ಳುತ್ತಿದ್ದರು. ಪಕ್ಕದ ಮಂಚಕ್ಕೆ ಯಾರು ಬರುತ್ತಾರೋ ಅವಳೇ ತಂಗಿ, ಗೊರಕೆ ಹೊಡೆದರೂ ಸೈ.

ಇನ್ನು ಮದ್ದುಪಾಯಸಕ್ಕೆ ಬರುತ್ತೇನೆ. ಕೊಡಗಿನ ಹೊರಗಿನವರಿಗೆ ಇದು ಗೊತ್ತಿರಲಾರದು. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಎಂಬ ಕಾಡುಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂದು ನಂಬಿಕೆ. ನಾಟಿ ಕೆಲಸ ಮುಗಿಯುತ್ತ ಬಂದು, ಮೈ ತಣ್ಣಗಾಗಿರುವ ಕಾಲ. ಸೊಪ್ಪನ್ನು ಎಳೆ ದಂಟಿನ ಸಮೇತ ತೊಳೆದು, ಧಾರಾಳ ನೀರು ಹಾಕಿ ಚೆನ್ನಾಗಿ ಕುದಿಸಬೇಕು. ನೀರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮನೆಯಿಡೀ ಅದರ ಘಮ. ಸೋಸಿ, ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ಕೊನೆಗೆ ಕಾಯಿಹಾಲು, ಏಲಕ್ಕಿ. ಬಡಿಸುವಾಗ ಮೇಲೊಂದು ಚಮಚ ತುಪ್ಪ, ಜೇನು ಇದ್ದರೆ ಜೇನು. ಕಾಯಿಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ.

ನಾನು ಸೇರಿದ ವರ್ಷ ಆಗಸ್ಟ್ 3ರಂದು, ಹುಯ್ಯುವ ಮಳೆಯಲ್ಲಿ, ವಿರಾಜಪೇಟೆ ಕಡೆಯಿಂದ ಒಬ್ಬ ಹೆಂಗಸು ಗೋಣಿಚೀಲದ ತುಂಬ ಈ ಸೊಪ್ಪು ಹೊರಿಸಿಕೊಂಡು ಬಂದಿಳಿದರು. ಕೊಡವ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಹಾಕಿ ಉಟ್ಟ ಸೀರೆ, ಕಾಲಲ್ಲಿ ಗಮ್‌ಬೂಟು. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಮೊದಲೇ ಅಲ್ಲಿ ಓದಿದವರಂತೆ. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದೆವು. ನೇರ ಅಡುಗೆಮನೆಗೆ ಹೋಗಿ ಸೆರಗು ಸಿಕ್ಕಿಸಿ ಪಾಯಸಕ್ಕಿಟ್ಟರು. ಭಾಷಣವಿಲ್ಲ, ಏನಿಲ್ಲ. ಪಾಯಸ ಕುದಿಯುವಷ್ಟು ಹೊತ್ತು ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕೂರಿಸಿಕೊಂಡು, "ನಿನಗೆಂತ ಬೇಕು ಕುಂಞಿ?" ಎಂದು ಕೇಳುತ್ತಿದ್ದರು. ಒಬ್ಬಳಿಗೆ ಕನ್ನಡಕ ಬೇಕಿತ್ತು. ಒಬ್ಬಳಿಗೆ ಮದುವೆ ಬೇಡವಾಗಿತ್ತು. ನಾನು ಬೆಪ್ಪಿ, "ಏನೂ ಬೇಡ" ಎಂದೆ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ನಾನು ಕಿಟಾರನೆ ಕಿರುಚಿಕೊಂಡು ಬಂದದ್ದು ಹಾಸ್ಟೆಲಿನಲ್ಲಿ ಬಹಳ ವರ್ಷ ಕಥೆಯಾಗಿತ್ತು. ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ! ನಮ್ಮ ಶನಿವಾರಸಂತೆಯ ಮನೆಯಲ್ಲಿ ಈ ಪಾಯಸ ಮಾಡುವ ವಾಡಿಕೆ ಇರಲಿಲ್ಲ. ಸತ್ತೇಹೋದೆ ಅಂದುಕೊಂಡೆ. ಸೀನಿಯರುಗಳೆಲ್ಲ ಸಾಲಾಗಿ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಅವರೂ ಮೊದಲ ವರ್ಷ ಹಾಗೇ ಕಿರುಚಿದವರೇ ಅನ್ನಿ.

ಇಷ್ಟು ಹೊತ್ತೂ ನಗುನಗುತ್ತ ಬರೆದೆ. ಇನ್ನು ಹೇಳುವುದನ್ನು ಈ ಅಂಕಣದಲ್ಲಿ ಎಂದೂ ಬರೆದಿಲ್ಲ.

1990ರ ಜೂನ್ ತಿಂಗಳು. ನಾನಾಗ ಕುಶಾಲನಗರದ ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳೊಂದಿಗಿದ್ದೆ. ಒಂದು ಮಧ್ಯಾಹ್ನ ಒಬ್ಬ ಹುಡುಗಿ ಬಾಗಿಲು ತಟ್ಟಿದಳು. ನಾನು ಹಾಸ್ಟೆಲು ಬಿಟ್ಟ ವರ್ಷ ಸೇರಿದವಳಂತೆ. ಮುಖ ನೋಡಿದ್ದು ಅದೇ ಮೊದಲು. ಮುಚ್ಚಳದ ಪಟ್ಟಿಯಿಂದ ನನ್ನ ವಿಳಾಸ ಬರೆದುಕೊಂಡಿದ್ದಳಂತೆ, ಆ ಚೀಟಿ ಕೈಯಲ್ಲಿತ್ತು. ಮದುವೆಯಾಗಿ ಎರಡು ವರ್ಷ. "ಅಕ್ಕಾ, ನಾಲ್ಕು ದಿವಸ ಇಲ್ಲಿರಲಾ?" ಎಂದಳು. ಕಾಫಿ ಕೊಟ್ಟೆ, ಉಪ್ಪಿಟ್ಟು ಕೊಟ್ಟೆ. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಎಡಗೈಯಲ್ಲೇ ಲೋಟ ಹಿಡಿದಳು. ನಾನು ನೋಡಿದೆ. ಕೇಳಲಿಲ್ಲ. ಒಳಗಿನಿಂದ ಅತ್ತೆ ಎರಡು ಸಲ ಕೆಮ್ಮಿದರು. ನನ್ನ ಬಾಯಿಂದ ಬಂದದ್ದು, "ಗಂಡನ ಮನೆ ಅಂದ್ಮೇಲೆ ಇದ್ದದ್ದೇ ಅಮ್ಮ, ಸ್ವಲ್ಪ ಹೊಂದಿಕೊಂಡು ಹೋಗು" ಎಂಬ ಮಾತು. "ಆಗಲಿ ಅಕ್ಕ" ಎಂದಳು. ನಾಲ್ಕು ಗಂಟೆಯ ಬಸ್ಸಿಗೆ ನಾನೇ ಹತ್ತಿಸಿ, ಇಪ್ಪತ್ತು ರೂಪಾಯಿ ಕೈಯಲ್ಲಿಟ್ಟು ಬಂದೆ. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದೆ. ಅದೇ ನನಗೆ ಈಗಲೂ ನಾಚಿಕೆ.

ಎಂಟು ವರ್ಷದ ನಂತರ ದೊಡ್ಡಕ್ಕ ತೀರಿಕೊಂಡರು. ಸಾವಿನ ಮನೆಗೆ ಹೋದರೆ, ಬಂದವರಿಗೆಲ್ಲ ನೀರು, ಕಾಫಿ ಕೊಡುತ್ತ ಮನೆಮಗಳ ಹಾಗೆ ಓಡಾಡುತ್ತಿದ್ದವಳು ಆ ಹುಡುಗಿಯೇ. ಅವತ್ತು ಕುಶಾಲನಗರದಿಂದ ಬಸ್ಸು ಹತ್ತಿದವಳು ಗಂಡನ ಮನೆಗೆ ಹೋಗಲಿಲ್ಲ. ಮುಚ್ಚಳದ ಪಟ್ಟಿಯಲ್ಲಿದ್ದ ಇನ್ನೊಂದು ವಿಳಾಸಕ್ಕೆ ಹೋದಳು. ದೊಡ್ಡಕ್ಕ ನಾಲ್ಕು ತಿಂಗಳು ಇಟ್ಟುಕೊಂಡು, ಡಾಕ್ಟರಿಗೆ ತೋರಿಸಿ, ವಕೀಲರನ್ನು ಕಂಡು, ಟೀಚರ್ ಟ್ರೈನಿಂಗಿಗೆ ಸೇರಿಸಿದರು. ಪ್ರತಿ ಆಗಸ್ಟಿನಲ್ಲೂ ನನ್ನನ್ನು ಕಾಣುತ್ತಿದ್ದ ದೊಡ್ಡಕ್ಕ ಈ ವಿಷಯ ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ಮೇಲಿತ್ತು.

ನಿಮ್ಮ ಮನೆಗೂ ಯಾರಾದರೂ ಹಾಗೆ ಬಂದರೆ, ಹೊಂದಿಕೊಂಡು ಹೋಗು ಎಂಬ ಮಾತನ್ನು ದಯವಿಟ್ಟು ನುಂಗಿಕೊಳ್ಳಿ. ಕೈ ನೋಡಿ. ನಾಲ್ಕು ದಿನ ಇರಲು ಬಿಡಿ. ಆಗ ಇಲ್ಲದ ಕಾನೂನು ಈಗಿದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ. 181 ಎಂಬ ಸಹಾಯವಾಣಿಯಿದೆ. ಆದರೆ ಫೋನು ಮಾಡುವ ಮೊದಲು ಅವಳು ಒಂದು ಮನೆಯೊಳಗೆ ಕೂತಿರಬೇಕಲ್ಲ?

ದೊಡ್ಡಕ್ಕ ಹೋದ ಮೇಲೆ ನಮ್ಮ ಆಗಸ್ಟ್ 3 ಕೆಟ್ಟಿತು. ಸಂಘವನ್ನು ರಿಜಿಸ್ಟರ್ ಮಾಡಿಸಿದೆವು. ಅಧ್ಯಕ್ಷೆ, ಕಾರ್ಯದರ್ಶಿ, ಬ್ಯಾನರು, ಹಾರ, ಶಾಲು. ವೇದಿಕೆಯ ಮೇಲೆ ಹತ್ತು ಕುರ್ಚಿ. ನಿಮ್ಮ ಊರಿನ ಮಹಿಳಾ ಸಮಾಜದಲ್ಲೂ ಕಂಡಿರುತ್ತೀರಿ, ಪೀಠ ಸಿಕ್ಕವರಿಗೆ ಮೈಕು ಬಿಡಲು ಮನಸ್ಸಾಗುವುದಿಲ್ಲ. ಹುಡುಗಿಯರು ಹಸಿದುಕೊಂಡು ಎರಡೆರಡು ಗಂಟೆ ಚಾಪೆಯ ಮೇಲೆ ಕೂತಿರಬೇಕು. ಪಾಯಸವನ್ನು ಅಡುಗೆಯವರಿಗೆ ಹೇಳಿ ಮಾಡಿಸಿದ್ದು. ನಾನೂ ಮಾತಾಡಿದವಳೇ, "ನಮ್ಮ ಕಾಲದಲ್ಲಿ" ಎಂದು ಶುರುಮಾಡಿದವಳೇ. 2004ರಲ್ಲಿ ಇರಬೇಕು, ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತು ಬಹಳ ವಿನಯದಿಂದ, "ಅಕ್ಕ, ನಿಮ್ಮ ಕಾಲದಲ್ಲಿ ಸ್ನಾನಕ್ಕೆ ಬಿಸಿನೀರು ಇರ್ಲಿಲ್ಲ ಅಂತ ನಾಲ್ಕು ಜನ ಹೇಳಿದ್ರಿ. ಈಗ್ಲೂ ಇಲ್ಲ" ಎಂದಳು.

ವೇದಿಕೆಯ ಮೇಲೆ ಪಿಟ್ಟೆಂದು ಸದ್ದಿಲ್ಲ. ಅಧ್ಯಕ್ಷೆಯ ಮುಖ ಕೆಂಪಾಯಿತು. ಉದ್ಧಟತನವೆಂದು ಕೆಲವರು ಗೊಣಗಿದರು. ಆದರೆ ಭಾಗಮಂಡಲದ ನಮ್ಮ ಅಕ್ಕ ಕುರ್ಚಿಯಿಂದ ಎದ್ದು, ತನಗೆ ಹೊದಿಸಿದ್ದ ಶಾಲನ್ನು ಮಡಚಿ ಮೇಜಿನ ಮೇಲಿಟ್ಟು, "ಇದರ ದುಡ್ಡೆಷ್ಟು? ಹತ್ತು ಶಾಲಿಗೆ ಎಷ್ಟಾಯ್ತು?" ಎಂದು ಲೆಕ್ಕ ಕೇಳಿದಳು. ಮುಂದಿನ ಮಳೆಗಾಲಕ್ಕೆ ಬಾಯ್ಲರ್ ಬಂತು. ಆ ವರ್ಷದಿಂದ ಶಾಲಿಲ್ಲ, ವೇದಿಕೆಯಿಲ್ಲ. ಬಂದವರೆಲ್ಲ ಅಡುಗೆಮನೆಗೇ ಹೋಗಬೇಕು. ಸಮಿತಿಯಲ್ಲಿ ಅರ್ಧ ಜನ ಈಗ ಓದುತ್ತಿರುವ ಹುಡುಗಿಯರೇ ಇರಬೇಕು, ಲೆಕ್ಕದ ನೋಟ್‌ಬುಕ್ಕು ಅವರ ಹತ್ತಿರವೇ ಇರಬೇಕು ಎಂದು ಅವಳು ಹಟ ಹಿಡಿದಳು. ಮೂರು ಜನ ಹಿರಿಯರು ಕೋಪಿಸಿಕೊಂಡು ಬರುವುದನ್ನೇ ಬಿಟ್ಟರು. ಒಬ್ಬರು ಇನ್ನೂ ಬಂದಿಲ್ಲ.

ರೇಷ್ಮೆ ಸೀರೆಯ ವಿಚಾರದಲ್ಲೂ ಜಗಳವಾಯಿತು. ಮಡಿಕೆ ಮಡಿಕೆಯಲ್ಲಿ ಹರಿದಿತ್ತು. ನಮಗೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಆಸೆ. ಹುಡುಗಿಯರು ಒಪ್ಪಲಿಲ್ಲ. "ಇಂಟರ್‌ವ್ಯೂಗೆ ಈಗ ಸೀರೆ ಉಡಲ್ಲ ಅಕ್ಕ, ಅದರ ಬದಲು ಒಂದು ಲ್ಯಾಪ್‌ಟಾಪ್ ಇಡಿ" ಎಂದರು. ನನಗಂತೂ ಹೊಟ್ಟೆಯಲ್ಲಿ ಸಂಕಟವಾಯಿತು. ಕೊನೆಗೆ ಲ್ಯಾಪ್‌ಟಾಪು ಬಂತು. ನಿಯಮ ಮಾತ್ರ ಹಳೆಯದೇ, ಕೆಲಸ ಸಿಕ್ಕವಳು ಮೊದಲ ಸಂಬಳದಲ್ಲಿ ಕಳಿಸಬೇಕು. ಹತ್ತು ರೂಪಾಯಿ ಐನೂರಾಗಿದೆ. ಸೀರೆಯ ಗಟ್ಟಿ ಉಳಿದ ಭಾಗದಲ್ಲಿ ಒಬ್ಬಳು ಲ್ಯಾಪ್‌ಟಾಪಿಗೆ ಚೀಲ ಹೊಲಿದಿದ್ದಾಳೆ, ಜರಿ ಅಂಚು ಹೊರಗೆ ಕಾಣುವಂತೆ.

2018ರ ಆಗಸ್ಟ್ 3ರಂದು ಎಂದಿನಂತೆ ಪಾಯಸ ಮಾಡಿ ಬಂದೆವು. ಅಂದೂ ಮಳೆ ಹಿಡಿದಿತ್ತು; ಕೊಡಗಿನಲ್ಲಿ ಅದೇನು ವಿಶೇಷವಲ್ಲ. ಎರಡು ವಾರ ಕಳೆಯುವುದರೊಳಗೆ ಬೆಟ್ಟಗಳೇ ಜಾರಿದವು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ: ಹೆಸರುಗಳನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ. ನಾನು ಟ್ರಂಕಿನೊಂದಿಗೆ ಬಂದಿದ್ದ ರಸ್ತೆ ಎಷ್ಟೋ ಕಡೆ ಇಲ್ಲವೇ ಇಲ್ಲ. ಮನೆ, ಕಾಫಿ ತೋಟ, ಗದ್ದೆ ಎಲ್ಲ ಮಣ್ಣಿನಡಿ. ಕರೆಂಟಿಲ್ಲ, ಫೋನು ಸಿಗುತ್ತಿಲ್ಲ. ಹಾಸ್ಟೆಲಿನ ಏಳು ಹುಡುಗಿಯರ ಊರುಗಳು ಆ ಪಟ್ಟಿಯಲ್ಲೇ ಇದ್ದವು.

ಕಾಲೇಜಿಗೆ ರಜೆ ಕೊಟ್ಟರು. ರಜೆ ಸರಿ, ಹೋಗುವುದೆಲ್ಲಿಗೆ? ಆಗ ಆ ಮುಚ್ಚಳದ ಪಟ್ಟಿ ತೆಗೆದರು. ಅಷ್ಟು ಹೊತ್ತಿಗೆ ಅದು ಫೋನಿನ ವಾಟ್ಸಾಪ್ ಗುಂಪಾಗಿಯೂ ಇತ್ತು, ಆದರೆ ಟವರ್ ಸತ್ತ ಮೇಲೆ ಕಾಗದವೇ ಕೆಲಸಕ್ಕೆ ಬಂದದ್ದು. ಆ ಪಟ್ಟಿ ಹಿಡಿದು ಹುಡುಗಿಯರನ್ನು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರಿನ ಅಕ್ಕಂದಿರ ಮನೆಗಳಿಗೆ ಇಬ್ಬಿಬ್ಬರಂತೆ ಕಳಿಸಿದರು. ನಮ್ಮ ಮನೆಗೂ ಇಬ್ಬರು ಬಂದರು. ಅವರನ್ನು ಕಾರಿನಲ್ಲಿ ಕರೆತಂದವಳು ಯಾರೆಂದುಕೊಂಡಿರಿ? 1990ರಲ್ಲಿ ನಾನು ಬಸ್ಸು ಹತ್ತಿಸಿ ಕಳಿಸಿದವಳೇ. ಈಗ ಹೈಸ್ಕೂಲ್ ಟೀಚರು. ನನ್ನ ಬಾಗಿಲಲ್ಲಿ ನಿಂತು, "ಅಕ್ಕ, ಇವರು ಸ್ವಲ್ಪ ದಿವಸ ಇಲ್ಲಿರಲಿ" ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅವಳ ಬಲಗೈಯಲ್ಲಿ ಹುಡುಗಿಯರ ಚೀಲವಿತ್ತು. ಚೀಲ ತೆಗೆದುಕೊಂಡೆ. ಮಾತು ಹೊರಡಲಿಲ್ಲ.

ಆ ಇಬ್ಬರಲ್ಲಿ ಒಬ್ಬಳು ಮಕ್ಕಂದೂರಿನ ಕಡೆಯವಳು. ಮನೆಯವರು ಜೀವ ಉಳಿಸಿಕೊಂಡು ಪರಿಹಾರ ಕೇಂದ್ರದಲ್ಲಿದ್ದರು, ಮನೆ ಹೋಗಿತ್ತು. ಮಳೆಯ ಸದ್ದು ಜೋರಾದರೆ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದಳು. ಸಮಾಧಾನ ಹೇಳಿದರೆ ಪ್ರಯೋಜನವಿಲ್ಲವೆಂದು ಎರಡನೆಯ ರಾತ್ರಿಗೆ ತಿಳಿಯಿತು. ನಾನೂ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಹೀಗೆ ಹನ್ನೊಂದು ರಾತ್ರಿ. ಹನ್ನೆರಡನೆಯ ದಿನ ಅವಳೇ, "ಆಂಟಿ, ನಿಮ್ಗೆ ಮಂಡಿನೋವು, ಮಲಗಿ" ಎಂದಳು. ಆಂಟಿ ಅನ್ನಬೇಡ, ನಾನು ನಿನಗೆ ಅಕ್ಕ ಎಂದೆ. ಅರವತ್ತರ ಹತ್ತಿರ ಬಂದವಳು ಹತ್ತೊಂಬತ್ತರ ಹುಡುಗಿಗೆ ಹೀಗೆ ಹೇಳಿದ್ದು ಕೇಳಿ ನಮ್ಮ ಮನೆಯವರು ಪತ್ರಿಕೆಯ ಹಿಂದೆ ಮುಸಿಮುಸಿ ನಕ್ಕರು.

ಪೆಟ್ಟಿಗೆಯ ಹಣ ಆಗ ಖರ್ಚಾದದ್ದು ಅನ್ನಕ್ಕಲ್ಲ. ಅನ್ನ, ಬಟ್ಟೆ ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಬಂದವು. ಮಣ್ಣಿನಲ್ಲಿ ಹೋದ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳ ನಕಲು ತೆಗೆಸಲು, ಅರ್ಜಿಗೆ, ಫೋಟೋಗೆ, ಬಸ್ ಚಾರ್ಜಿಗೆ ಖರ್ಚಾಯಿತು. ಇಂಥ ಚಿಲ್ಲರೆ ಖರ್ಚು ಯಾರಿಗೂ ಹೊಳೆಯುವುದಿಲ್ಲ, ಅದೇ ರಸ್ತೆಯಲ್ಲಿ ನಡೆದವರಿಗೆ ಹೊಳೆಯುತ್ತದೆ. ಏಳರಲ್ಲಿ ಆರು ಜನ ಓದು ಮುಗಿಸಿದರು. ಒಬ್ಬಳನ್ನು ಮನೆಯವರು ಮದುವೆ ಮಾಡಿಬಿಟ್ಟರು. ತಡೆಯಲು ಹೋಗಿ ಬೈಸಿಕೊಂಡು ಬಂದೆವು. ಅವಳ ಹೆಸರು ಪಟ್ಟಿಯಲ್ಲಿದೆ, ವಿಳಾಸವೂ ಇದೆ.

ಅರಕಲಗೂಡಿನ ಸೋದರಿ, ನಿಮ್ಮ ಮಗಳು ಸೇರುವ ಹಾಸ್ಟೆಲಿನಲ್ಲಿ ಇಂಥ ಪೆಟ್ಟಿಗೆ ಇರುತ್ತದೆಂದು ನಾನು ಮಾತು ಕೊಡಲಾರೆ. ಇಲ್ಲದಿದ್ದರೂ ಇರಬಹುದು. ಸೇರಿಸುವ ದಿನ ವಾರ್ಡನ್ನರನ್ನು ಕಂಡು, ಹಿಂದೆ ಓದಿ ಹೋದವರು ಯಾರಾದರೂ ಊರಲ್ಲಿದ್ದಾರಾ ಎಂದು ವಿಚಾರಿಸಿ. ಇದ್ದೇ ಇರುತ್ತಾರೆ: ಬ್ಯಾಂಕಿನಲ್ಲಿ, ಸ್ಕೂಲಿನಲ್ಲಿ, ಅಥವಾ ನನ್ನ ಹಾಗೆ ಮನೆಯಲ್ಲಿ. ಒಬ್ಬರ ಮನೆಗೆ ಮಗಳನ್ನು ಕರೆದುಕೊಂಡು ಹೋಗಿ. ಸಂಕೋಚ ಬೇಡ. ಕೈಯಲ್ಲಿ ನಿಮ್ಮ ಕಡೆಯ ಒಂದು ಪೊಟ್ಟಣ ಹುರಿಗಾಳು ಇರಲಿ. ನಂಬರು ಫೋನಿನಲ್ಲಿ ಇದ್ದರೆ ಸಾಲದು, ಕಾಗದದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಡಿ. ಬಟ್ಟೆ ಒಣಹಾಕಲು ನೈಲಾನ್ ಹಗ್ಗ, ಒದ್ದೆ ಶೂಗೆ ತುರುಕಲು ಹಳೆಯ ಪೇಪರು, ಉಂಬಳಕ್ಕೆ ಒಂದು ಚಿಟಿಕೆ ಉಪ್ಪು ಮರೆಯಬೇಡಿ. ಹತ್ತಿ ಸೀರೆ, ಚೂಡಿದಾರ್ ಕಡಿಮೆ ಮಾಡಿ, ಜುಲೈನಲ್ಲಿ ಒಣಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಹಾಸ್ಟೆಲಿನಲ್ಲಿ ಓದಿದವರಿದ್ದರೆ, ಒಮ್ಮೆ ಹೋಗಿ ಬನ್ನಿ. ಕನ್ನಡಿ, ಗಡಿಯಾರ ಉಡುಗೊರೆ ಕೊಟ್ಟು ಹೆಸರು ಬರೆಸಬೇಡಿ, ಅವು ಬೇಕಾದಷ್ಟು ನೇತಾಡುತ್ತಿವೆ. ಬಚ್ಚಲುಮನೆಯ ನಲ್ಲಿ ತಿರುಗಿಸಿ ನೋಡಿ. ಆಮೇಲೆ ಯಾವಳಾದರೂ ಒಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನಗೆಂತ ಬೇಕು ಎಂದು ಕೇಳಿ. ಮೊದಲ ಸಲ "ಏನೂ ಬೇಡ" ಎನ್ನುತ್ತಾಳೆ. ಇನ್ನೊಮ್ಮೆ ಕೇಳಬೇಕು.

ಈ ಬಾರಿಯೂ ಆಗಸ್ಟ್ 3ಕ್ಕೆ ನಾನು ಮಡಿಕೇರಿಯಲ್ಲೇ ಇರುತ್ತೇನೆ. ಸೊಪ್ಪು ತರುವ ಸರದಿ ಮಕ್ಕಂದೂರಿನ ಆ ಹುಡುಗಿಯದು. ಅವಳೀಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ, ರಜೆ ಹಾಕಿ ಬರುತ್ತಾಳೆ. ಸೋದರಿ, ನಿಮ್ಮ ಮಗಳನ್ನೂ ಕಳಿಸಿಕೊಡಿ, ಯಾವ ಹಾಸ್ಟೆಲಿನವಳಾದರೂ ಸರಿ. ಪಾಯಸ ಸಾಕಷ್ಟಿರುತ್ತದೆ. ಆದರೆ ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಹೆದರಬೇಡ ಅಂತ ನೀವು ಈಗಲೇ ಅವಳಿಗೆ ಹೇಳಿಬಿಡಿ. ಸೀನಿಯರುಗಳು ಹೇಳುವುದಿಲ್ಲ.